ಫ್ಲಿಂಟ್‌ನ ಪೈಪುಗಳಲ್ಲಿ ಕಾಣೆಯಾದ ಕ್ಲೋರಿನ್: ಒಂದು ಪ್ರಕರಣ ಅಧ್ಯಯನ

2014ರ ಏಪ್ರಿಲ್ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಸಣ್ಣದೊಂದು ಸಮಾರಂಭ ನಡೆಯಿತು. ಮೇಯರ್ ಒಂದು ಗುಂಡಿ ಒತ್ತಿದರು. 1967ರಿಂದ ಡೆಟ್ರಾಯಿಟ್ ಮೂಲಕ ಬರುತ್ತಿದ್ದ ಹ್ಯೂರಾನ್ ಸರೋವರದ ನೀರು ನಿಂತಿತು, ಊರಿನ ನಡುವೆ ಹರಿಯುವ ಫ್ಲಿಂಟ್ ನದಿಯ ನೀರು ಪೈಪುಗಳಿಗೆ ಹೊರಟಿತು. ಅಲ್ಲಿ ನೆರೆದಿದ್ದ ಅಧಿಕಾರಿಗಳು ಅದೇ ನೀರನ್ನು ಲೋಟಗಳಲ್ಲಿ ತುಂಬಿ, ಎತ್ತಿ ಹಿಡಿದು, ಕುಡಿದರು.

ಮುಂದೆ ಆದದ್ದು ಸೀಸದ ಕಥೆಯಾಗಿ ಜಗತ್ತಿಗೆಲ್ಲ ಗೊತ್ತು. ಹಳೆಯ ಪೈಪುಗಳಿಂದ ಸೀಸ ಬಿಟ್ಟುಕೊಂಡು ಮಕ್ಕಳ ರಕ್ತಕ್ಕೆ ಸೇರಿತು. ನದಿ ನೀರು ಹರಿದ ಅದೇ 18 ತಿಂಗಳಲ್ಲಿ, ಅದೇ ಪೈಪುಗಳ ಆಸುಪಾಸಿನಲ್ಲಿ ಇನ್ನೊಂದು ಅನಾಹುತವೂ ನಡೆಯಿತು. ಅದನ್ನು ಬಲ್ಲವರು ಕಡಿಮೆ. ಫ್ಲಿಂಟ್ ಇರುವ ಜೆನೆಸೀ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, 2014 ಮತ್ತು 2015ರ ನಡುವೆ 91 ಮಂದಿಗೆ ಲೀಜನೇರ್ಸ್ ಕಾಯಿಲೆ ತಗುಲಿತು, 12 ಮಂದಿ ಸತ್ತರು. ಸೀಸ ನಿಧಾನವಾಗಿ ಕೆಲಸ ಮಾಡುವ ವಿಷ. ಇದಾದರೋ ಕೆಲವೇ ದಿನಗಳಲ್ಲಿ ಶ್ವಾಸಕೋಶ ತುಂಬಿಬಿಡುವ ನ್ಯುಮೋನಿಯಾ. ಅದನ್ನು ತರುವುದು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ, ನೀರಿನಲ್ಲಿ ಬದುಕುವ ಜೀವಿ.

ಫ್ಲಿಂಟ್‌ನ ನೀರು ನದಿಯಿಂದ ಎತ್ತಿ ಹಾಗೇ ಬಿಟ್ಟ ನೀರಲ್ಲ. ಅದನ್ನು ತಿಳಿಗೊಳಿಸಿ, ಸೋಸಿ, ಕ್ಲೋರಿನ್ ಬೆರೆಸಿ ಕಳಿಸುತ್ತಿದ್ದರು. ಹಾಗಿದ್ದೂ ಬ್ಯಾಕ್ಟೀರಿಯಾ ಉಳಿದದ್ದು ಹೇಗೆ ಎಂಬುದೇ ಈ ಪ್ರಕರಣದ ಪ್ರಶ್ನೆ.

ಊರಿಗಿಂತ ದೊಡ್ಡ ಪೈಪು

ಫ್ಲಿಂಟ್ ಮೋಟಾರು ಕಾರ್ಖಾನೆಗಳ ಊರು. 1960ರ ಹೊತ್ತಿಗೆ ಅಲ್ಲಿ ಹತ್ತಿರ ಹತ್ತಿರ 2 ಲಕ್ಷ ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ 2014ರ ಹೊತ್ತಿಗೆ ಉಳಿದವರು ಅದರ ಅರ್ಧದಷ್ಟು. ಪೈಪುಗಳು ಮಾತ್ರ ಹಳೆಯ ಅಳತೆಯವೇ. ಜಾತ್ರೆಗೆಂದು ಕಟ್ಟಿದ ಛತ್ರದಲ್ಲಿ ಎರಡೇ ಸಂಸಾರ ಉಳಿದ ಹಾಗೆ. ಬಳಸುವವರು ಕಡಿಮೆಯಾದಾಗ ನೀರು ಪೈಪಿನಲ್ಲೇ ದಿನಗಟ್ಟಲೆ ನಿಲ್ಲುತ್ತದೆ. ನಿಂತಷ್ಟೂ ಅದರಲ್ಲಿನ ಕ್ಲೋರಿನ್ ಕರಗುತ್ತ ಹೋಗುತ್ತದೆ.

ಇಂಥ ಜಾಲಕ್ಕೆ ನದಿಯ ನೀರು ಬಂತು. ಸರೋವರದ ನೀರಿಗಿಂತ ಅದು ಬೇಸಿಗೆಯಲ್ಲಿ ಬೆಚ್ಚಗಿರುತ್ತಿತ್ತು. ಕೊಳೆತ ಎಲೆ, ಮಣ್ಣಿನಿಂದ ಬಂದ ಸಾವಯವ ಪದಾರ್ಥ ಅದರಲ್ಲಿ ಹೆಚ್ಚು, ಕ್ಲೋರೈಡ್ ಎಂಬ ಉಪ್ಪಿನಂಶವೂ ಹೆಚ್ಚು. ಕೆಸರು ಕೂಡಿಸಲು ಘಟಕದಲ್ಲಿ ಫೆರಿಕ್ ಕ್ಲೋರೈಡ್ ಹಾಕುತ್ತಿದ್ದುದರಿಂದ ಕ್ಲೋರೈಡ್ ಇನ್ನಷ್ಟು ಏರಿತು. ಕ್ಲೋರೈಡ್ ಹೆಚ್ಚಾದ ನೀರು ಕಬ್ಬಿಣವನ್ನು ತಿನ್ನುತ್ತದೆ.

ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರಿನಲ್ಲಿ ಆರ್ಥೊಫಾಸ್ಫೇಟ್ ಇರುತ್ತಿತ್ತು. ಪೈಪಿನ ಒಳಮೈಗೆ ತೆಳುವಾದ ರಕ್ಷಣಾ ಪದರ ಕೂಡಿಸಿ ತುಕ್ಕನ್ನು ತಡೆಯುವುದು ಅದರ ಕೆಲಸ. ಫ್ಲಿಂಟ್ ಘಟಕ ಅದನ್ನು ಹಾಕಲಿಲ್ಲ. ದಶಕಗಳಿಂದ ಕೂತಿದ್ದ ಪದರ ಕಿತ್ತುಕೊಂಡು ಬಂತು, ನಲ್ಲಿಯಲ್ಲಿ ಕೆಂಪು ನೀರು ಬರತೊಡಗಿತು. 2014ರ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆ ತನ್ನ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಈ ನೀರನ್ನು ಬಿಟ್ಟು ಬೇರೆ ನೀರಿಗೆ ಹೋಯಿತು. ಮನೆಗಳಿಗೆ ಹೋಗುವ ನೀರು ಇನ್ನೊಂದು ವರ್ಷ ಹಾಗೇ ಹೋಗುತ್ತಿತ್ತು. ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವ ಸಂಗತಿ ಇದು. ಪ್ರಯೋಗಾಲಯ ಬೇಕಿರಲಿಲ್ಲ, ಕಬ್ಬಿಣವೇ ಸಾಕ್ಷಿ ಹೇಳಿತ್ತು.

ಕ್ಲೋರಿನ್ ಎಲ್ಲಿ ಹೋಯಿತು

ಕ್ಲೋರಿನ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಇದರ ಅಣು ಚಿಕ್ಕದು, ವಿದ್ಯುದಂಶ ಇಲ್ಲದ್ದು. ಆದ್ದರಿಂದ ಬ್ಯಾಕ್ಟೀರಿಯಾದ ಪೊರೆಯನ್ನು ಸುಲಭವಾಗಿ ದಾಟಿ ಒಳಗಿನ ಕಿಣ್ವಗಳನ್ನು ಸುಟ್ಟುಹಾಕುತ್ತದೆ. ನೀರು ಕ್ಷಾರದ ಕಡೆಗೆ ವಾಲಿದಂತೆ, ಪಿಎಚ್ ಸುಮಾರು 7.5 ದಾಟಿದ ಮೇಲೆ, ಇದರ ಅರ್ಧಕ್ಕಿಂತ ಹೆಚ್ಚು ಪಾಲು ಹೈಪೋಕ್ಲೋರೈಟ್ ಆಗಿ ಮಾರ್ಪಡುತ್ತದೆ. ಕೊಲ್ಲುವ ಶಕ್ತಿಯಲ್ಲಿ ಅದು ತೀರಾ ದುರ್ಬಲ. ಅಂದರೆ ಎಷ್ಟು ಕ್ಲೋರಿನ್ ಹಾಕಿದ್ದೇವೆ ಎಂಬುದಷ್ಟೇ ಮುಖ್ಯವಲ್ಲ. ಅದು ಯಾವ ರೂಪದಲ್ಲಿದೆ, ಎಷ್ಟು ಹೊತ್ತು ನೀರಿನಲ್ಲಿ ಇರುತ್ತದೆ ಎಂಬುದೂ ಅಷ್ಟೇ ಮುಖ್ಯ.

ಕ್ಲೋರಿನ್‌ಗೆ ಬ್ಯಾಕ್ಟೀರಿಯಾವೇ ಬೇಕು ಎಂಬ ಹಟವಿಲ್ಲ. ಎಲೆಯ ಕೊಳೆ ಸಿಕ್ಕಿದರೆ ಅದರ ಜೊತೆ, ಅಮೋನಿಯಾ ಸಿಕ್ಕಿದರೆ ಅದರ ಜೊತೆ, ಕರಗಿದ ಕಬ್ಬಿಣ ಸಿಕ್ಕಿದರೆ ಅದರ ಜೊತೆ ಕೂಡಿ ತೀರಿಹೋಗುತ್ತದೆ. ಫ್ಲಿಂಟ್‌ನ ಪೈಪುಗಳಲ್ಲಿ ಕಬ್ಬಿಣ ಧಾರಾಳವಾಗಿ ಸಿಗುತ್ತಿತ್ತು. ಘಟಕದಿಂದ ಹೊರಡುವಾಗ ಸರಿಯಾಗಿಯೇ ಇದ್ದ ಕ್ಲೋರಿನ್ ಊರಿನ ಅಂಚು ತಲುಪುವಷ್ಟರಲ್ಲಿ ಖರ್ಚಾಗಿರುತ್ತಿತ್ತು. ಕುಡಿಯುವ ನೀರಿನಲ್ಲಿ ಕೊನೆಯ ನಲ್ಲಿಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಎಂಬುದು ನಮ್ಮ ಭಾರತೀಯ ಮಾನಕವೂ ಹೇಳುವ ಮಾತು. ಫ್ಲಿಂಟ್‌ನ ಎಷ್ಟೋ ಕಡೆ ಅಷ್ಟೂ ಉಳಿದಿರಲಿಲ್ಲ.

2014ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ನೀರಿನ ಮಾದರಿಗಳಲ್ಲಿ ಕೋಲಿಫಾರ್ಮ್ ಎಂಬ, ಕೊಳೆ ಸೇರಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ ಕಾಣಿಸಿ, ಕುದಿಸಿ ಕುಡಿಯಿರಿ ಎಂದು ಮತ್ತೆ ಮತ್ತೆ ಸೂಚನೆ ಹೊರಟಿತು. ಘಟಕದವರು ಕ್ಲೋರಿನ್ ಹೆಚ್ಚಿಸಿದರು. ಹೆಚ್ಚಿನ ಕ್ಲೋರಿನ್ ನದಿಯ ಸಾವಯವ ಪದಾರ್ಥದೊಡನೆ ಕೂಡಿ ಟ್ರೈಹಾಲೊಮೀಥೇನ್‌ಗಳಾಯಿತು. ಬಹುಕಾಲ ಸೇವಿಸಿದರೆ ಕ್ಯಾನ್ಸರ್ ಭಯವಿರುವ ರಾಸಾಯನಿಕಗಳು ಇವು. 2015ರ ಜನವರಿಯಲ್ಲಿ ಇವುಗಳ ಮಿತಿ ಮೀರಿದೆ ಎಂಬ ನೋಟಿಸು ಮನೆಮನೆಗೆ ಬಂತು. ಕ್ಲೋರಿನ್ ಕಡಿಮೆ ಮಾಡಿದರೆ ಬ್ಯಾಕ್ಟೀರಿಯಾ, ಏರಿಸಿದರೆ ವಿಷ. ಅತ್ತ ದರಿ ಇತ್ತ ಪುಲಿ. ತುಕ್ಕನ್ನು ತಡೆಯದೆ, ಸಾವಯವ ಪದಾರ್ಥವನ್ನು ಮೊದಲೇ ತೆಗೆಯದೆ ಬರೀ ಕ್ಲೋರಿನ್‌ನ ತಿರುಪು ತಿರುಗಿಸುತ್ತ ಕೂತರೆ ಈ ಬಿಕ್ಕಟ್ಟು ಬಿಡಿಸಿಕೊಳ್ಳುವುದಿಲ್ಲ.

ಅದೇ ತುಕ್ಕು ಮೂರು ಕೆಲಸ ಮಾಡಿತು. ಸೀಸವನ್ನು ಬಿಡಿಸಿತು, ಕ್ಲೋರಿನ್ ತಿಂದಿತು, ಬ್ಯಾಕ್ಟೀರಿಯಾಕ್ಕೆ ಊಟ ಹಾಕಿತು. ಲೀಜಿಯೊನೆಲ್ಲಾ ಬೆಳೆಯಲು ಕಬ್ಬಿಣ ಬೇಕೇ ಬೇಕು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವವರು ಪೋಷಕ ಮಾಧ್ಯಮಕ್ಕೆ ಕಬ್ಬಿಣದ ಲವಣವನ್ನು ಸೇರಿಸುತ್ತಾರೆ.

ಗೋಡೆಗೆ ಅಂಟಿದವರು, ಹೊಟ್ಟೆಯೊಳಗೆ ಅಡಗಿದವರು

ಕ್ಲೋರಿನ್ ಇದ್ದರೂ ಬ್ಯಾಕ್ಟೀರಿಯಾ ಉಳಿಯುತ್ತದೆ ಎಂದಾಗ ಹಲವರ ಮನಸ್ಸಿಗೆ ಬರುವುದು ಔಷಧಕ್ಕೆ ಬಗ್ಗದ ಕ್ಷಯದಂಥ ಚಿತ್ರ, ಮೈಯನ್ನೇ ಬದಲಿಸಿಕೊಂಡ ಹೊಸ ತಳಿ. ನೀರಿನ ಪೈಪಿನಲ್ಲಿ ನಡೆಯುವುದು ಬಹುಮಟ್ಟಿಗೆ ಬೇರೆ. ಇಲ್ಲಿ ಬ್ಯಾಕ್ಟೀರಿಯಾ ಉಳಿಯುವುದು ಎಲ್ಲಿ ಕೂತಿದೆ ಎಂಬುದರಿಂದ.

ನಾಲ್ಕು ದಿನ ತೊಳೆಯದೆ ಬಿಟ್ಟ ಕೊಡದ ಒಳಮೈಗೆ ಬೆರಳು ಆಡಿಸಿ ನೋಡಿ. ಜಾರುವ ಲೋಳೆ ತಾಗುತ್ತದೆ. ಮನೆಯ ಸಂಪಿನ ಗೋಡೆಗೂ ಅದು ಕೂತಿರುತ್ತದೆ. ಆ ಲೋಳೆ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಸ್ರವಿಸಿಕೊಂಡ ಅಂಟಿನಲ್ಲಿ ಕಟ್ಟಿಕೊಂಡ ವಸತಿ. ಪೈಪಿನಲ್ಲಿ ಹರಿಯುವ ನೀರಿನಲ್ಲಿರುವ ಬ್ಯಾಕ್ಟೀರಿಯಾಕ್ಕಿಂತ ಗೋಡೆಗೆ ಅಂಟಿ ಕೂತವೇ ಎಷ್ಟೋ ಪಾಲು ಹೆಚ್ಚು. ಕ್ಲೋರಿನ್ ಈ ಲೋಳೆಯನ್ನು ಮುಟ್ಟಿದೊಡನೆ ಮೇಲ್ಪದರದ ಅಂಟಿನ ಜೊತೆಗೇ ಕೂಡಿ ಖರ್ಚಾಗುತ್ತದೆ, ಒಳಗಿನವರನ್ನು ತಲುಪುವುದೇ ಇಲ್ಲ. ಗೋಡೆ ತುಕ್ಕು ಹಿಡಿದ ಕಬ್ಬಿಣದ್ದಾದರೆ ಮರೆ ಇನ್ನೂ ದಟ್ಟ. ಗುಬ್ಬಿಗುಬ್ಬಿಯಾಗಿ ಎದ್ದ ತುಕ್ಕಿನ ಸಂದುಗೊಂದಿಗಳಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ, ಅದರ ಮುಂದೆ ತುಕ್ಕೇ ಕ್ಲೋರಿನ್ ತಿನ್ನುತ್ತ ಕಾವಲು ನಿಲ್ಲುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಬ್ಯಾಕ್ಟೀರಿಯಾ ಉಳಿಯುವ ಕಾರಣಗಳ ಬಗ್ಗೆ ಅಮೆರಿಕದ ಸಂಶೋಧಕರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ಅಂಟಿಕೊಂಡಿತೆಂದರೆ ಅಷ್ಟರಿಂದಲೇ ಅದರ ತಡೆದುಕೊಳ್ಳುವ ಶಕ್ತಿ 150 ಪಟ್ಟಿನವರೆಗೆ ಏರುತ್ತಿತ್ತು. ಲೋಳೆ ಹಳೆಯದಾದರೆ, ಬ್ಯಾಕ್ಟೀರಿಯಾದ ಮೈಮೇಲೆ ಕವಚವಿದ್ದರೆ, ಅದು ಯಾವ ಪೋಷಣೆಯಲ್ಲಿ, ಯಾವ ಉಷ್ಣತೆಯಲ್ಲಿ ಬೆಳೆದಿದೆ ಎಂಬುದರ ಮೇಲೆ, ಒಂದೊಂದರಿಂದಲೂ 2ರಿಂದ 10 ಪಟ್ಟು. ಇವು ಒಂದರ ಮೇಲೊಂದು ಸೇರಿದರೆ ಕೂಡಿಕೆಯಾಗುವುದಿಲ್ಲ, ಗುಣಾಕಾರವಾಗುತ್ತದೆ. ಪ್ರಯೋಗಾಲಯದಲ್ಲಿ ಹೊಟ್ಟೆತುಂಬ ಉಂಡು ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾದ ಮೇಲೆ ಲೆಕ್ಕ ಹಾಕಿ ತೆಗೆದ ಪ್ರಮಾಣ, ಪೈಪಿನ ಗೋಡೆಯಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಏನೇನೂ ಸಾಲದು. ಅದೇ ಅಧ್ಯಯನದಲ್ಲಿ ಇನ್ನೊಂದು ಸುಳಿವೂ ಇತ್ತು. ಕ್ಲೋರಿನ್ ಬದಲು, ಕ್ಲೋರಿನ್‌ಗೆ ಅಮೋನಿಯಾ ಕೂಡಿಸಿ ಮಾಡುವ ಮಾನೊಕ್ಲೋರಮೈನ್ ಬಳಸಿದಾಗ, ಅಂಟಿಕೊಂಡದ್ದರಿಂದ ಸಿಗುವ ರಕ್ಷಣೆಯೊಂದೇ ಉಳಿಯುತ್ತಿತ್ತು, ಮಿಕ್ಕ ಕಾರಣಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಲೀಜಿಯೊನೆಲ್ಲಾ ಇನ್ನೂ ಒಂದು ಹೆಜ್ಜೆ ಮುಂದೆ. ಪೈಪಿನ ಲೋಳೆಯಲ್ಲಿ ಅಮೀಬಾಗಳು ಓಡಾಡುತ್ತ ಬ್ಯಾಕ್ಟೀರಿಯಾಗಳನ್ನು ಮೇಯುತ್ತಿರುತ್ತವೆ. ಬೇರೆಯವು ಅಮೀಬಾದ ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ, ಲೀಜಿಯೊನೆಲ್ಲಾ ಆಗುವುದಿಲ್ಲ. ತನ್ನನ್ನು ಸುತ್ತುವರಿದ ಚೀಲಕ್ಕೆ ಜೀರ್ಣರಸ ಸೇರದಂತೆ ತಡೆದು, ಅಲ್ಲೇ ಸಂತಾನ ಬೆಳೆಸಿ, ಕೊನೆಗೆ ಅಮೀಬಾವನ್ನು ಒಡೆದು ಹೊರಬರುತ್ತದೆ. ಇದನ್ನು 1980ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ತಿಮೊತಿ ರೋಬೊಥಮ್. ನೀರಿನಲ್ಲಿ ಪ್ರತಿಕೂಲ ಪರಿಸ್ಥಿತಿ ಬಂದಾಗ ಅಮೀಬಾ ಗಟ್ಟಿ ಚಿಪ್ಪು ಕಟ್ಟಿಕೊಂಡು ಮುದುಡಿ ಕೂರುತ್ತದೆ, ಒಳಗಿರುವ ಅತಿಥಿಗೂ ಆ ಚಿಪ್ಪೇ ಮನೆ. ಇಂಥ ಚಿಪ್ಪಿನೊಳಗಿನ ಲೀಜಿಯೊನೆಲ್ಲಾ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್‌ನಲ್ಲೂ ಬದುಕಿ ಉಳಿದದ್ದನ್ನು 1990ರಲ್ಲಿ ಪ್ರಯೋಗದಿಂದ ಕಂಡುಕೊಂಡರು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಅನುಮತಿ ಇರುವ ಗರಿಷ್ಠ ಪ್ರಮಾಣ 4 ಮಿಲಿಗ್ರಾಂ. ಅಮೀಬಾದೊಳಗೆ ಕಲಿತ ವಿದ್ಯೆಯನ್ನೇ ಲೀಜಿಯೊನೆಲ್ಲಾ ಮನುಷ್ಯನ ಶ್ವಾಸಕೋಶದ ರಕ್ಷಕ ಕಣಗಳ ಮೇಲೂ ಪ್ರಯೋಗಿಸುತ್ತದೆ. ಅವೂ ಅಮೀಬಾದಂತೆಯೇ ನುಂಗಿ ಕೊಲ್ಲುವ ಕಣಗಳು. ನುಂಗಿಸಿಕೊಂಡು ಉಳಿಯುವುದು ಲೀಜಿಯೊನೆಲ್ಲಾಕ್ಕೆ ಹಳೆಯ ಅಭ್ಯಾಸ.

ಸಾಯದೆ, ಬೆಳೆಯಲೂ ಒಪ್ಪದೆ ಅರೆಜೀವವಾಗಿ ಇರುವ ಸ್ಥಿತಿಯೂ ಒಂದಿದೆ. ಕ್ಲೋರಿನ್ ಪೆಟ್ಟು ತಿಂದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಲು ಹೋದರೆ ಬೆಳೆಯುವುದಿಲ್ಲ, ವರದಿಯಲ್ಲಿ ಸೊನ್ನೆ ಬರುತ್ತದೆ. ಅಮೀಬಾ ಸಿಕ್ಕಿದರೆ ಮತ್ತೆ ಎದ್ದು ಕೂರುತ್ತದೆ.

ಪೈಪಿನ ಗೋಡೆಯ ಈ ಲೋಕ ನಮ್ಮಲ್ಲೂ ಅಳತೆಗೆ ಸಿಕ್ಕಿದೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆ ಬಂದ ಮೇಲೆ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳನ್ನೂ ಹಲವು ದಿನಕ್ಕೊಮ್ಮೆ ನೀರು ಬರುವ ವಾರ್ಡುಗಳನ್ನೂ ಹೋಲಿಸಿ ನೋಡಿದರು. ಎರಡೂ ಕಡೆ ಹೋಗುತ್ತಿದ್ದುದು ಶುದ್ಧೀಕರಿಸಿ ಕ್ಲೋರಿನ್ ಹಾಕಿದ ನೀರೇ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸದಾ ನೀರಿರುವ ಕಡೆಯ ನಲ್ಲಿ ಮಾದರಿಗಳಲ್ಲಿ 0.7 ಶೇಕಡದಲ್ಲಿ ಮಾತ್ರ ಇ. ಕೋಲೈ ಎಂಬ, ಮಲದ ಕೊಳೆಯ ಗುರುತಾದ ಬ್ಯಾಕ್ಟೀರಿಯಾ ಸಿಕ್ಕಿತು; ಬಿಟ್ಟು ಬಿಟ್ಟು ಬರುವ ಕಡೆ 31.7 ಶೇಕಡದಲ್ಲಿ. ನೀರು ನಿಂತಾಗ ಪೈಪಿನ ಒತ್ತಡ ಬಿದ್ದು ಹೊರಗಿನ ಕೊಳೆ ಬಿರುಕುಗಳಿಂದ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ರಭಸಕ್ಕೆ ಗೋಡೆಯ ಲೋಳೆ ಕಿತ್ತು ಬರುತ್ತದೆ. ಮೊದಲ ನಿಮಿಷಗಳ ನೀರು ಅತಿ ಕೆಟ್ಟದ್ದಾಗಿರುವುದು ಇದಕ್ಕೇ. ನೀರು ಬಂದೊಡನೆ ಮೊದಲ ಒಂದೆರಡು ಕೊಡವನ್ನು ಬಚ್ಚಲಿಗೋ ಗಿಡಕ್ಕೋ ಸುರಿಯುವ ನಮ್ಮ ಹೆಂಗಸರ ರೂಢಿಗೆ ಈ ಲೆಕ್ಕದಲ್ಲಿ ಗಟ್ಟಿ ಆಧಾರವಿದೆ. ಓವರ್‌ಹೆಡ್ ಟ್ಯಾಂಕಿಗೆ ನೀರುಗಂಟಿ ಬ್ಲೀಚಿಂಗ್ ಪುಡಿ ಹಾಕಿದ್ದಾನೆ ಎಂಬಲ್ಲಿಗೆ ಕೆಲಸ ಮುಗಿಯುವುದಿಲ್ಲ. ಉಳಿಕೆ ಕ್ಲೋರಿನ್ ಇದೆಯೇ ಎಂದು ತೋರಿಸುವ, ಆರೋಗ್ಯ ಇಲಾಖೆಯವರ ಓಟಿ ಪರೀಕ್ಷೆಯ ಹಳದಿ ಬಣ್ಣವನ್ನು ನೋಡಬೇಕಾದದ್ದು ಊರ ಕೊನೆಯ ನಲ್ಲಿಯಲ್ಲಿ.

ರೋಗಿಗಳು

ಲೀಜನೇರ್ಸ್ ಎಂಬ ಹೆಸರು ಬಂದದ್ದು 1976ರಲ್ಲಿ. ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಬಂದವರು ಸಾಲುಸಾಲಾಗಿ ನ್ಯುಮೋನಿಯಾ ಬಂದು ಸತ್ತಾಗ ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾಯಿತು. ಇದು ಸಾಮಾನ್ಯವಾಗಿ ನೀರು ಕುಡಿದು ಹೊಟ್ಟೆಗೆ ಬರುವ ರೋಗವಲ್ಲ. ಷವರ್, ಆಸ್ಪತ್ರೆಯ ನಲ್ಲಿ, ಕಟ್ಟಡಗಳ ಕೂಲಿಂಗ್ ಟವರ್ ಇವುಗಳಿಂದ ಎದ್ದ ಸಣ್ಣ ಹನಿಗಳನ್ನು ಉಸಿರಾಡಿದಾಗ ಬರುವುದು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದೇ ಹೇಳಬಹುದು. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಬೇರೆ ಕಾಯಿಲೆಯಿಂದ ಸೊರಗಿದವರು ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ಹಾಗಾಗಿ 2014ರ ಬೇಸಿಗೆಯಲ್ಲಿ ಸೂಚನೆ ಕೊಟ್ಟಂತೆ ನೀರನ್ನು ಕುದಿಸಿ ಕುಡಿದು, ಅದೇ ನೀರಿನಲ್ಲಿ ಸ್ನಾನ ಮಾಡಿದವರಿಗೆ ಆ ಸೂಚನೆಯಿಂದ ಈ ರೋಗದ ಮಟ್ಟಿಗೆ ಏನೂ ಪ್ರಯೋಜನವಾಗಲಿಲ್ಲ.

ನೀರು ಬದಲಾದ ಮೊದಲ ಬೇಸಿಗೆಯಲ್ಲಿ ಒಂದು ಅಲೆ ಎದ್ದಿತು, ಮರುವರ್ಷದ ಬೇಸಿಗೆಯಲ್ಲಿ ಇನ್ನೊಂದು. ಬಿಸಿಲೇರಿದಾಗ ನೀರು ಬೆಚ್ಚಗಾಗಿ ಕ್ಲೋರಿನ್ ಬೇಗ ಕರಗುತ್ತದೆ, ಲೀಜಿಯೊನೆಲ್ಲಾ ಬೇಗ ಬೆಳೆಯುತ್ತದೆ. ಎರಡು ಬೇಸಿಗೆಗೆ ಎರಡು ಅಲೆ ಎಂಬುದೇ ಈ ಪ್ರಕರಣದ ದೊಡ್ಡ ಸುಳಿವು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗಿಗಳ ವಾಸಸ್ಥಳವನ್ನೂ ಆ ಪ್ರದೇಶದ ಉಳಿಕೆ ಕ್ಲೋರಿನ್ ಅಳತೆಗಳನ್ನೂ ಜೋಡಿಸಿ ನೋಡಿತು. ನದಿ ನೀರಿಗೆ ಹೋದ ಮೇಲೆ ಫ್ಲಿಂಟ್ ನಿವಾಸಿಗಳಿಗೆ ಈ ಕಾಯಿಲೆಯ ಅಪಾಯ 6.3 ಪಟ್ಟು ಏರಿತ್ತು. ಕ್ಲೋರಿನ್ ಇಳಿದಲ್ಲಿ ರೋಗ ಏರಿತ್ತು. ಆ ಅವಧಿಯ ಪ್ರಕರಣಗಳಲ್ಲಿ ಸುಮಾರು 80 ಶೇಕಡ ನೀರಿನ ಬದಲಾವಣೆಯಿಂದಲೇ ಆದದ್ದು ಎಂದು ಅದು ಅಂದಾಜು ಮಾಡಿತು.

ಇದು ಎಲ್ಲರೂ ಒಪ್ಪಿದ ಲೆಕ್ಕವಲ್ಲ. ರೋಗಿಗಳಲ್ಲಿ ಬಹಳಷ್ಟು ಮಂದಿ ಊರಿನ ಒಂದೇ ಆಸ್ಪತ್ರೆಗೆ ಹೋಗಿ ಬಂದವರು. ಹೀಗಾಗಿ ಮೂಲ ಆಸ್ಪತ್ರೆಯೋ ಊರ ನೀರೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆಸ್ಪತ್ರೆ, ನಗರದ ನೀರು, ಕೂಲಿಂಗ್ ಟವರ್ ಎಂದು ಒಂದಕ್ಕಿಂತ ಹೆಚ್ಚು ಮೂಲಗಳನ್ನು ಗುರುತಿಸಿದ ಅಧ್ಯಯನವೂ 2019ರಲ್ಲಿ ಬಂತು. ನನಗೆ ಅನ್ನಿಸುವಂತೆ ಈ ಎರಡನ್ನು ಎದುರುಬದುರು ನಿಲ್ಲಿಸುವುದೇ ತಪ್ಪು. ಆಸ್ಪತ್ರೆಯ ಪೈಪಿಗೂ ಬರುತ್ತಿದ್ದುದು ಕ್ಲೋರಿನ್ ಸೋರಿಹೋದ ಊರ ನೀರೇ. ದೊಡ್ಡ ಕಟ್ಟಡ, ಉದ್ದನೆಯ ಕವಲು ಪೈಪು, ಬೆಚ್ಚನೆಯ ನೀರು, ಬಲಹೀನ ರೋಗಿಗಳು ಒಂದೆಡೆ ಸೇರಿದಾಗ ಊರಿನ ಕೊರತೆ ಅಲ್ಲಿ ಮೊದಲು ಹೊರಬೀಳುತ್ತದೆ. ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ತಂಡ 2015ರಲ್ಲಿ ಫ್ಲಿಂಟ್‌ನ ನೀರು ಪರೀಕ್ಷಿಸಿದಾಗ ಲೀಜಿಯೊನೆಲ್ಲಾದ ಗುರುತು ಎದ್ದು ಕಂಡದ್ದು ದೊಡ್ಡ ಕಟ್ಟಡಗಳಲ್ಲಿ.

ಕೌಂಟಿಯ ಆರೋಗ್ಯಾಧಿಕಾರಿಗಳಿಗೆ 2014ರಲ್ಲೇ ಅನುಮಾನ ಹುಟ್ಟಿತ್ತು. ಪತ್ರಗಳು ಓಡಾಡಿದವು. ರಾಜ್ಯಪಾಲ ರಿಕ್ ಸ್ನೈಡರ್ ಜನರ ಮುಂದೆ ಈ ವಿಷಯ ಹೇಳಿದ್ದು 2016ರ ಜನವರಿ 13ರಂದು. ಅಷ್ಟು ಹೊತ್ತಿಗೆ ಎರಡೂ ಬೇಸಿಗೆ ಕಳೆದಿತ್ತು. ತಿಳಿದಿದ್ದರೆ ವೈದ್ಯರು ನ್ಯುಮೋನಿಯಾ ಬಂದವರಲ್ಲಿ ಲೀಜಿಯೊನೆಲ್ಲಾ ಹುಡುಕುತ್ತಿದ್ದರು, ಅದಕ್ಕೆ ತಾಗುವ ಆ್ಯಂಟಿಬಯೊಟಿಕ್ ಮೊದಲ ದಿನವೇ ಕೊಡುತ್ತಿದ್ದರು. ಸಾಮಾನ್ಯ ನ್ಯುಮೋನಿಯಾಕ್ಕೆ ಕೊಡುವ ಪೆನ್ಸಿಲಿನ್ ಜಾತಿಯ ಔಷಧ ಇದಕ್ಕೆ ನಾಟುವುದಿಲ್ಲ.

ನೀರು ಮರಳಿದ ಮೇಲೆ

2015ರ ಅಕ್ಟೋಬರ್ 16ರಂದು ಫ್ಲಿಂಟ್ ಮತ್ತೆ ಡೆಟ್ರಾಯಿಟ್‌ನ ನೀರಿಗೆ ಮರಳಿತು. ಆರ್ಥೊಫಾಸ್ಫೇಟ್ ಬಂತು, ತುಕ್ಕು ತಣ್ಣಗಾಯಿತು, ಉಳಿಕೆ ಕ್ಲೋರಿನ್ ನಿಧಾನಕ್ಕೆ ಪೈಪಿನ ಕೊನೆ ಮುಟ್ಟತೊಡಗಿತು. 2016ರ ಬೇಸಿಗೆಯಲ್ಲಿ ಮೂರನೆಯ ಅಲೆ ಏಳಲಿಲ್ಲ.

ಬೇರೆ ದಾರಿ ಹಿಡಿದ ಊರೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಪೈಪುಗಳಲ್ಲಿ ಉಳಿಯಬೇಕಾದ ಸೋಂಕುನಾಶಕವಾಗಿ ಕ್ಲೋರಿನ್ ಬದಲು ಮಾನೊಕ್ಲೋರಮೈನ್ ತಂದಿತು. ಪರೀಕ್ಷಿಸಿದ ಕಟ್ಟಡಗಳ ಬಿಸಿನೀರಿನ ವ್ಯವಸ್ಥೆಗಳಲ್ಲಿ ಮೊದಲು 60 ಶೇಕಡದಲ್ಲಿ ಲೀಜಿಯೊನೆಲ್ಲಾ ಇತ್ತು, ಆಮೇಲೆ 4 ಶೇಕಡಕ್ಕೆ ಇಳಿಯಿತು. ಮಾನೊಕ್ಲೋರಮೈನ್ ಸಾವಕಾಶವಾಗಿ ಕೆಲಸ ಮಾಡುತ್ತದೆ, ದಾರಿಯಲ್ಲಿ ಸಿಕ್ಕಸಿಕ್ಕದ್ದಕ್ಕೆ ಖರ್ಚಾಗದೆ ಲೋಳೆಯ ಒಳಗೆ ಇಳಿಯುತ್ತದೆ. 1988ರ ಸುಳಿವು ಇಲ್ಲಿ ಊರಿನಗಲ ನಿಜವಾಯಿತು. ಹಾಗೆಂದು ಇದು ಸರ್ವರೋಗಕ್ಕೆ ಮದ್ದಲ್ಲ. ಮಾನೊಕ್ಲೋರಮೈನ್ ಇರುವ ಕಡೆ ಮೈಕೊಬ್ಯಾಕ್ಟೀರಿಯಾ ಎಂಬ ಇನ್ನೊಂದು ಗುಂಪು ಹೆಚ್ಚಾದದ್ದೂ ದಾಖಲಾಗಿದೆ. ಮಾನೊಕ್ಲೋರಮೈನ್‌ನಲ್ಲಿನ ಅಮೋನಿಯಾವನ್ನೇ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳೂ ಇವೆ.

ಫ್ಲಿಂಟ್‌ನ ಲೆಕ್ಕ ಪೂರ್ತಿಯಾಗದೆ ಉಳಿಯಲು ಒಂದು ಕಾರಣವಿದೆ. ಲೀಜನೇರ್ಸ್ ಪತ್ತೆಗೆ ಆಸ್ಪತ್ರೆಗಳು ಹೆಚ್ಚಾಗಿ ಮಾಡುವುದು ಮೂತ್ರ ಪರೀಕ್ಷೆ. ಬೇಗ ಮುಗಿಯುತ್ತದೆ, ಸುಲಭ. ಆದರೆ ಈ ಬ್ಯಾಕ್ಟೀರಿಯಾವನ್ನು ಅದರ ಹೊರಮೈಯ ಗುರುತಿನ ಮೇಲೆ ವಿಂಗಡಿಸಿದ ಸೀರೊಗುಂಪುಗಳಲ್ಲಿ ಅದು ಹಿಡಿಯುವುದು 1ನೇ ಗುಂಪನ್ನು ಮಾತ್ರ. 2016ರಲ್ಲಿ ಫ್ಲಿಂಟ್‌ನ ಮನೆಗಳ ನೀರಿನಲ್ಲಿ ಹುಡುಕಿದ ಸಂಶೋಧಕರಿಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು 6ನೇ ಸೀರೊಗುಂಪಿನದು, ಮನುಷ್ಯರ ರಕ್ಷಕ ಕಣಗಳಲ್ಲಿ ಬೆಳೆಯಬಲ್ಲದ್ದು. ಆ ಗುಂಪಿನಿಂದ ಕಾಯಿಲೆ ಬಿದ್ದವರಿದ್ದರೆ ಅವರ ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಅವರು ಬರೀ ನ್ಯುಮೋನಿಯಾದ ಪಟ್ಟಿಗೆ ಸೇರುತ್ತಿದ್ದರು. ಮೂತ್ರ ಪರೀಕ್ಷೆಯಲ್ಲಿ ಪತ್ತೆಯಾದವರದ್ದೂ ಅಷ್ಟೇ. ಹೆಚ್ಚಿನವರ ಕಫವನ್ನು ಯಾರೂ ತಟ್ಟೆಯಲ್ಲಿ ಬೆಳೆಸಿ ಇಟ್ಟಿರಲಿಲ್ಲ. ಅವರ ಶ್ವಾಸಕೋಶದಲ್ಲಿದ್ದ ಬ್ಯಾಕ್ಟೀರಿಯಾ ಯಾವ ಪೈಪಿನದು ಎಂದು ಹೋಲಿಸಿ ನೋಡಲು ಇಂದು ಏನೂ ಉಳಿದಿಲ್ಲ.